ಮಲಗಬೇಕಾದ ದಿನ ಹದಿನೆಂಟು ಕಿಲೋಮೀಟರ್

ತಿಕೋಟಾ,
೨೧೯೧ನೇ ಇಸವಿ, ಜನವರಿ ಹನ್ನೊಂದು ಮುಗಿದು ಹನ್ನೆರಡು ಇನ್ನೂ ಶುರುವಾಗದ ದಿನ.

ಮಾನ್ಯ ಪರಸಪ್ಪ ಕಾಖಂಡಕಿ ಅವರಿಗೆ,

ನಮಸ್ಕಾರ. ಮೇಲಿನ ತಾರೀಖು ನೋಡಿ ಬರೆದವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಸೈಕಲ್ ಓಟದ ವಿಶ್ರಾಂತಿ ದಿನಕ್ಕೆ ತಾರೀಖು ಇಲ್ಲ. ಆ ದಿನ ಏನೂ ನಡೆಯಬಾರದು ಎಂಬುದು ನಿಯಮ. ಏನೂ ನಡೆಯದ ದಿನವನ್ನು ಎಣಿಸುವುದು ಯಾಕೆ ಎಂದು ಹಿಂದೆ ಯಾರೋ ಕೇಳಿದರಂತೆ, ಅಂದಿನಿಂದ ಎಣಿಸುವುದಿಲ್ಲ. ಇಂಥ ದಿನ ಹುಟ್ಟಿದ ಮಕ್ಕಳನ್ನು ಶಾಲೆಗೆ ಸೇರಿಸುವಾಗ ಸ್ವಲ್ಪ ತೊಂದರೆಯಾಗುತ್ತದೆ, ಅಷ್ಟೇ.

ನನ್ನ ಭಾಷೆಯ ಬಗ್ಗೆಯೂ ಕ್ಷಮೆ ಕೇಳಬೇಕು. ನಾನು ಓದಿದ್ದು ವಿಜಯಪುರದ ಇಂಗ್ಲಿಷ್ ಶಾಲೆಯಲ್ಲಿ. ಕನ್ನಡ ಬಂದದ್ದು ಅಜ್ಜಿಯಿಂದ ಮತ್ತು ಓಟದ ನಿಯಮಾವಳಿಯಿಂದ. ಹಾಗಾಗಿ ನನ್ನ ವಾಕ್ಯಗಳು ಒಮ್ಮೆ ಅಡುಗೆಮನೆಯ ಹಾಗೆ, ಇನ್ನೊಮ್ಮೆ ನೋಟಿಸಿನ ಹಾಗೆ ಕೇಳಿಸಬಹುದು. ನಿಮ್ಮ ಕಾಲದಲ್ಲಿ ಇರದ ಕೆಲವು ಪದಗಳೂ ಬರುತ್ತವೆ, ಬಂದಲ್ಲೇ ಬಿಡಿಸಿ ಹೇಳುತ್ತೇನೆ.

ನಿಮ್ಮನ್ನು ನಾನು ಬಲ್ಲದ್ದು ನಿಮ್ಮ ಡೈರಿಯಿಂದ. ನೂರಾ ಅರವತ್ತು ವರ್ಷಗಳ ಹಿಂದೆ ನೀವು ಒಂದು ಸೈಕಲ್ ತಂಡದ ಹುಡುಗರಿಗೆ ಕಾಲು ಮಾಲೀಶು ಮಾಡುತ್ತಿದ್ದಿರಿ. ದಿನಾ ಸಂಜೆ ನಾಲ್ಕು ಸಾಲು ಬರೆಯುತ್ತಿದ್ದಿರಿ. ಆ ಡೈರಿ ನಮ್ಮ ಸಂಗ್ರಹಾಲಯದಲ್ಲಿದೆ. ಹೋದ ವಾರ ಅದರ ಒಂದು ಪುಟ ಓದಿದೆ. "ಇವತ್ತು ರೆಸ್ಟ್. ಹುಡುಗರು ಸೈಕಲ್ ತಗೊಂಡು ಎಲ್ಲಿಗೋ ಹೋಗಿ ಬಂದರು. ದಾರಿಯಲ್ಲಿ ಚಹಾ ಕುಡಿದರಂತೆ. ನಗುತ್ತಿದ್ದರು." ಮೂರು ಸಲ ಓದಿದೆ. ನನಗಾದ ಆಘಾತ ನಿಮಗೆ ಹೇಗೆ ತಿಳಿಸಲಿ? ಏಕಾದಶಿಯ ದಿನ ಮಠದವರೆಲ್ಲ ಕೂತು ಹೋಳಿಗೆ ಹೊಡೆದರು ಎಂದು ಮಠದ ದಫ್ತರದಲ್ಲೇ ಓದಿದ ಹಾಗಾಯಿತು. ಅಂದು ಸಂಜೆ ನೀವು ಸ್ವಲ್ಪ ಕುಡಿದು ಬರೆದಿರಬೇಕು ಎಂದು ತೀರ್ಮಾನಿಸಿ ಯಾರಿಗೂ ಹೇಳದೆ ಸುಮ್ಮನಾದೆ. ಅದಕ್ಕಾಗಿ ಮೊದಲು ಕ್ಷಮಿಸಿ.

ನನ್ನ ಕೆಲಸ ತಿಳಿದರೆ ಆ ಆಘಾತ ನಿಮಗೆ ಅರ್ಥವಾದೀತು. ನಾನು ಮಲಗುಪಂಚ, ಅಂದರೆ ವಿಶ್ರಾಂತಿ ದಿನದಲ್ಲಿ ಓಟಗಾರರು ಎಷ್ಟು ಚೆನ್ನಾಗಿ ಮಲಗುತ್ತಾರೆ ಎಂದು ನೂರಕ್ಕೆ ಅಂಕ ಹಾಕುವವಳು. ಹನ್ನೊಂದು ವರ್ಷದಿಂದ ಹಾಕುತ್ತಿದ್ದೇನೆ. ಕೂರಬಹುದಾದಾಗ ನಿಲ್ಲಬೇಡ, ಮಲಗಬಹುದಾದಾಗ ಕೂರಬೇಡ ಎಂದು ನಿಮ್ಮ ಕಾಲದ ಓಟಗಾರರೂ ಹೇಳುತ್ತಿದ್ದರಂತೆ. ನಿಮ್ಮಲ್ಲಿ ಅದು ಬುದ್ಧಿಮಾತು. ನಮ್ಮಲ್ಲಿ ಅದು ಒಂದನೇ ಕಲಂ. ಐದು ನದಿಗಳ ಓಟ ಇಪ್ಪತ್ತೊಂದು ದಿನ ನಡೆಯುತ್ತದೆ. ನಡುವೆ ಇಂಥ ದಿನ ಎರಡು. ಓಡುವ ದಿನಗಳಲ್ಲಿ ಯಾರು ಎಷ್ಟು ವೇಗದಲ್ಲಿ ಹೋಗಬೇಕೆಂದು ಯಂತ್ರ ಬೆಳಿಗ್ಗೆಯೇ ಹೇಳಿಬಿಡುತ್ತದೆ, ಅವರು ಹಾಗೇ ಹೋಗುತ್ತಾರೆ. ಜನ ಅದನ್ನು ನೋಡುವುದು ಬಿಟ್ಟು ಎರಡು ತಲೆಮಾರು ಆಯಿತು. ಆದರೆ ಮಲಗಿದ ಮನುಷ್ಯನನ್ನು ಯಂತ್ರ ಊಹಿಸಲಾರದು. ಮೂಗಿನ ಮೇಲೆ ನೊಣ ಕೂರಬಹುದು, ಕೆಟ್ಟ ಕನಸು ಬೀಳಬಹುದು. ಆದ್ದರಿಂದ ಈಗ ಜನ ಸೇರುವುದು ವಿಶ್ರಾಂತಿ ನೋಡಲು.

ತಿಕೋಟಾದಲ್ಲಿ ದ್ರಾಕ್ಷಿ ಕಟಾವು ಇನ್ನೂ ಶುರುವಾಗಿಲ್ಲ, ಒಣದ್ರಾಕ್ಷಿ ಮಾಡುವ ಶೆಡ್ಡುಗಳು ಖಾಲಿ. ಗಾಳಿ ಚೆನ್ನಾಗಿ ಆಡುತ್ತದೆಂದು ನಲವತ್ತೆರಡು ಓಟಗಾರ್ತಿಯರನ್ನು ಅಲ್ಲೇ ಸಾಲಾಗಿ ಮಲಗಿಸುತ್ತೇವೆ. ಪ್ರತಿಯೊಬ್ಬಳ ಎರಡೂ ಕಣಕಾಲಿಗೆ ಅಲುಗಾಟ ಅಳೆಯುವ ಪಟ್ಟಿ. ಪ್ರತಿಯೊಬ್ಬಳಿಗೂ ಒಬ್ಬ ಕಾಲ್ಗಾವಲಿನವಳು. ಕಾಲು ಒತ್ತುವುದು, ಹೊದಿಕೆ ಸರಿಮಾಡುವುದು, ಬಚ್ಚಲಿಗೆ ಹೊತ್ತೊಯ್ಯುವುದು ಅವಳ ಕೆಲಸ; ನೆಲಕ್ಕೆ ಕಾಲು ತಾಗಿದರೆ ಐದು ಅಂಕ ಹೋಗುತ್ತದೆ. ಒಂದು ಪದ ಆಡಿದರೆ ಒಂದು ಅಂಕ. ಪ್ರೇಕ್ಷಕರು ಬರಿಗಾಲಲ್ಲಿ ಬಂದು ಕೂರುತ್ತಾರೆ. ಶೇಂಗಾ ಮನೆಯಲ್ಲೇ ಸುಲಿದು ತರಬೇಕು. ಚಪ್ಪಾಳೆಯಿಲ್ಲ, ಕರವಸ್ತ್ರ ಬೀಸಬಹುದು. ವೀಕ್ಷಕ ವಿವರಣೆಯವರು ಪಿಸುಗುಟ್ಟುತ್ತಾರೆ: "ಎಡಕ್ಕ ಹೊಳ್ಳಿದಳು ನೋಡ್ರಿ. ಅನುಭವದ ಹೊಳ್ಳಾಟ ಅದು." ಎರಡು ವರ್ಷದ ಹಿಂದೆ ಒಬ್ಬ ಸೀನಿದ್ದಕ್ಕೆ ಮುಂದಿದ್ದವಳ ಒಂಬತ್ತು ಅಂಕ ಹೋಯಿತು. ಆ ಮನುಷ್ಯ ಈಗ ಊರು ಬಿಟ್ಟಿದ್ದಾನೆ. ಇದರಲ್ಲಿ ನಗುವಂಥದ್ದು ಏನಾದರೂ ಇದೆ ಎಂದು ಇವತ್ತಿನವರೆಗೆ ನನಗೆ ಅನ್ನಿಸಿರಲಿಲ್ಲ.

ಇವತ್ತು ಮಧ್ಯಾಹ್ನ ಎರಡರ ಹೊತ್ತಿಗೆ ಸಿದ್ದವ್ವ ಕೋಟ್ಯಾಳಳ ಅಂಕ ತೊಂಬತ್ತೆಂಟು ದಾಟಿತು. ಸಿದ್ದವ್ವನಿಗೆ ಇಪ್ಪತ್ನಾಲ್ಕು ವರ್ಷ, ಇಡೀ ಓಟದಲ್ಲಿ ಹದಿನಾಲ್ಕು ಸೆಕೆಂಡು ಮುಂದಿದ್ದಾಳೆ. ತೊಂಬತ್ತೆಂಟು ಈವರೆಗೆ ಯಾರಿಗೂ ಬಂದಿಲ್ಲ. ಶೆಡ್ಡಿನ ತುಂಬ ಕರವಸ್ತ್ರಗಳು. ನಾನು "ಅಪೂರ್ವ" ಎಂದು ಬರೆದು ಸಹಿ ಹಾಕಿ, ಸ್ವಲ್ಪ ಹೆಮ್ಮೆಯಿಂದಲೇ, ಹತ್ತಿರ ಹೋದೆ. ತಲೆಯವರೆಗೆ ಎಳೆದ ಹೊದಿಕೆಯ ಹೊರಗೆ ಒಂದು ಕಾಲು ಇಣುಕಿತ್ತು. ಬೆರಳಲ್ಲಿ ಕಾಲುಂಗುರ. ಹಿಮ್ಮಡಿ ಒಡೆದಿತ್ತು.

ಹೊದಿಕೆ ಎತ್ತಿದೆ. ಒಳಗೆ ಸಿದ್ದವ್ವ ಇರಲಿಲ್ಲ. ಅವಳ ಕಾಲ್ಗಾವಲಿನ ಕಸ್ತೂರವ್ವ, ಐವತ್ತಾರು ವರ್ಷದ ಹೆಂಗಸು, ಎರಡೂ ಪಟ್ಟಿ ಕಟ್ಟಿಕೊಂಡು ಬಾಯಿ ತುಸು ತೆರೆದು ಮಲಗಿದ್ದಳು. ಮೂವತ್ತು ವರ್ಷ ಬೇರೆಯವರ ಕಾಲು ಒತ್ತಿದವಳು. ಒಂದೇ ಕಣ್ಣು ತೆರೆದು ನನ್ನನ್ನು ನೋಡಿ, ತುಟಿ ಅಲುಗಿಸದೆ ಅಂದಳು: "ಯವ್ವಾ, ಸುಮ್ನ ಹೊಚ್ಚರಿ. ನಂಬರ ಕಡಿಮಿ ಆಗ್ತಾವು."

ನಾನು ಹೊದಿಸಿದೆ. ಯಾಕೆ ಹೊದಿಸಿದೆ ಎಂದು ಆಗಿನಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ದಯೆಯಿಂದಲೋ, ಮೇಲೆ ನನ್ನ ಸಹಿ ಇತ್ತೆಂಬ ಭಯದಿಂದಲೋ? ಎರಡನೆಯದೇ ಇರಬೇಕು.

ಶೆಡ್ಡಿನ ಹಿಂದೆ ಕಾಲುವೆಯ ದಾರಿ. ಅಲ್ಲಿ ನಿಂತು ಕಾದೆ. ಬಹಳ ಹೊತ್ತಾದ ಮೇಲೆ ಸಿದ್ದವ್ವ ಬಂದಳು, ಶೆಡ್ಡಿನ ಕಾವಲುಗಾರನ ಹಳೆಯ ಕ್ಯಾರಿಯರ್ ಸೈಕಲ್ ಮೇಲೆ. ಅಷ್ಟು ನಿಧಾನ ಹೋಗುವ ಸೈಕಲ್ ಬೀಳದೆ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನನ್ನನ್ನು ನೋಡಿ ಇಳಿದಳು. ಇಂಥ ಪತ್ರಗಳಲ್ಲಿ ಸಂಭಾಷಣೆ ಬರೆಯುವ ರೂಢಿಯಿಲ್ಲ, ಆದರೆ ಆ ಮಾತುಗಳನ್ನು ನನ್ನ ಮಾತಿನಲ್ಲಿ ಹೇಳಿದರೆ ಕೆಟ್ಟುಹೋಗುತ್ತವೆ.

"ಎಲ್ಲಿಗೆ ಹೋಗಿದ್ದಿ?"

"ಎಲ್ಲಿಗೂ ಇಲ್ರಿ ಅಕ್ಕಾರ. ಹೊನವಾಡದ ಕಡೆ ಸುಮ್ನ ಹೋಗಿ ಬಂದೆ."

"ಎಷ್ಟು ದೂರ?"

"ನೋಡಿಲ್ರಿ."

"ಯಾಕ ನೋಡಿಲ್ಲ?"

"ಯಾಕ ನೋಡ್ಬೇಕ್ರಿ?"

ಅವಳೇ ಮುಂದುವರಿಸಿದಳು. "ದಿನಪೂರ್ತಿ ಮಲಗಿದ್ರ ಕಾಲು ಕಟಗಿ ಆಗ್ತಾವ್ರಿ. ಮತ್ತ... ಖರೇ ಹೇಳ್ಲೇನ್ರಿ? ಸೈಕಲ್ ಹೊಡಿಯೂದು ನನಗ ಚಂದ ಅನಸ್ತದ."

ಪರಸಪ್ಪನವರೇ, ಹನ್ನೊಂದು ವರ್ಷದಲ್ಲಿ ಒಬ್ಬ ಓಟಗಾರ್ತಿಯೂ ನನಗೆ ಹೀಗೆ ಹೇಳಿರಲಿಲ್ಲ. ಅವಳು ಓಡಿಹೋದದ್ದಕ್ಕಿಂತ, ನನಗೆ ಮೋಸ ಮಾಡಿದ್ದಕ್ಕಿಂತ, ಈ ಮಾತು ಕೇಳಿ ನಾನು ಹೆಚ್ಚು ಬೆಚ್ಚಿದೆ. ಓಟದ ನಿಯಮ ನಮ್ಮಿಬ್ಬರಿಗೂ ಗೊತ್ತಿತ್ತು. ಸೂರ್ಯ ಮುಳುಗುವ ಮೊದಲು ನಾನು ವರದಿ ಕಳಿಸಬೇಕು. ಕಳಿಸಿದರೆ ಅವಳು ಈ ಓಟದಿಂದ ಮಾತ್ರವಲ್ಲ, ಎಲ್ಲ ಓಟಗಳಿಂದಲೂ ಜೀವಮಾನ ಪೂರ್ತಿ ಹೊರಗೆ. "ಬರೀರಿ ಅಕ್ಕಾರ, ನಿಮ್ಮ ಕೆಲಸ ನೀವು ಮಾಡ್ರಿ," ಅಂದಳು. "ಕಸ್ತೂರವ್ವನ ಹೆಸರು ಒಂದ ಬಿಡ್ರಿ. ಆಕಿ ಮೊದ್ಲ ಒಲ್ಲೆ ಅಂದಿದ್ಲು. ಹಾಸಿಗಿ ಮ್ಯಾಲ ಕುಂತ ಮ್ಯಾಲ ಒಪ್ಪಿದ್ಲು."

ಬರೆಯದೆ ಬಿಡಬಹುದಿತ್ತು. ಆದರೆ ಎರಡನೆಯ ಸ್ಥಾನದಲ್ಲಿ ಮೆಹರುನ್ನಿಸಾ ಇನಾಮದಾರ ಇದ್ದಾಳೆ. ಮೂವತ್ನಾಲ್ಕು ವರ್ಷ, ಇದೇ ಅವಳ ಕೊನೆಯ ಓಟ. ಬೆಳಗಿನಿಂದ ಪ್ರಾಮಾಣಿಕವಾಗಿ ಕಲ್ಲಿನ ಹಾಗೆ ಮಲಗಿದ್ದಾಳೆ. ಮುಚ್ಚಿಟ್ಟರೆ ಅವಳಿಗೆ ಅನ್ಯಾಯ. ಯಾರಿಗೆ ಅನ್ಯಾಯವಾಗುತ್ತದೋ ಅವರ ಮುಖ ನೋಡಿ ತೀರ್ಮಾನಿಸೋಣ ಎಂದು ಅವಳ ಹಾಸಿಗೆಯ ಹತ್ತಿರ ಕೂತೆ. ಅಲ್ಲಿಗೆ ಹೋಗುವ ಮೊದಲು, ಅಭ್ಯಾಸಬಲದಿಂದ, ನಕ್ಷೆಯಲ್ಲಿ ಸಿದ್ದವ್ವನ ದಾರಿ ಅಳೆದಿದ್ದೆ. ಕಿವಿಯಲ್ಲಿ ಎಲ್ಲವನ್ನೂ ಹೇಳಿದೆ. ಅವಳು ಮೇಲಿನ ತಗಡು ನೋಡುತ್ತ ಕೇಳಿಸಿಕೊಂಡಳು.

"ಎಷ್ಟು ದೂರ ಹೋಗಿದ್ಲು?" ಅಂದಳು. ಅಂಕದ ಫಲಕದಲ್ಲಿ ಅವಳ ಮೂರು ಅಂಕ ಇಳಿಯಿತು.

ಹದಿನೆಂಟು ಕಿಲೋಮೀಟರ್ ಎಂದೆ.

"ಗಾಳಿ ಹೆಂಗಿತ್ತು?" ಇನ್ನೆರಡು ಇಳಿಯಿತು. ಪ್ರೇಕ್ಷಕರು ಎದ್ದು ನಿಂತರು.

ಹೋಗುವಾಗ ಎದುರಿಗೆ, ಬರುವಾಗ ಬೆನ್ನಿಗೆ ಎಂದೆ. ಅವಳು ಕಣ್ಣು ಮುಚ್ಚಿಕೊಂಡಳು. ಎದುರುಗಾಳಿಯೋ, ಸಿಟ್ಟೋ, ಆ ಮುಖದಲ್ಲಿ ಏನು ಹಾದುಹೋಯಿತೆಂದು ನನಗೆ ತಿಳಿಯಲಿಲ್ಲ. ಸಿದ್ದವ್ವನ ಮೇಲೆ ದೂರು ಕೊಡುತ್ತಾಳೆ ಎಂದುಕೊಂಡೆ.

"ನನ್ನ ಯಾಕ ಕರೀಲಿಲ್ಲ ಆಕಿ?"

ನಾಲ್ಕು ಅಂಕ.

ನಾನು ಹೊರಗೆ ಬಂದು ವರದಿ ಬರೆದೆ. ಏನನ್ನೂ ಮುಚ್ಚಿಡಲಿಲ್ಲ. ಮಾಲೀಶಿನ ಹೆಂಗಸಿಗೆ ನಾನು ತೊಂಬತ್ತೆಂಟು ಕೊಟ್ಟು "ಅಪೂರ್ವ" ಎಂದು ಬರೆದೆನೆಂದೂ ಬರೆದೆ. ಹನ್ನೊಂದು ವರ್ಷ ನಾನು ಪಟ್ಟಿ ನೋಡಿದೆನೇ ಹೊರತು ಮಲಗಿದವರ ಮುಖ ನೋಡಿಲ್ಲ. ಆದ್ದರಿಂದ ಇವತ್ತಿನ ಎಲ್ಲರ ಅಂಕಗಳನ್ನೂ ರದ್ದು ಮಾಡಿ, ಶಿಕ್ಷೆ ಕೊಡುವುದಿದ್ದರೆ ನನಗೆ ಕೊಡಿ ಎಂದೆ. ನಿಖರವಾಗಿರಲಿ ಎಂದು ಹದಿನೆಂಟು ಕಿಲೋಮೀಟರನ್ನೂ ಗಾಳಿಯನ್ನೂ ಸೇರಿಸಿದೆ. ನಾನು ಮಾಡಿದ ತಪ್ಪು ಅದು.

ಐದು ಗಂಟೆಗೆ ಓಟದ ಮಂಡಳಿಯ ಉತ್ತರ ಬಂತು. ಮಂಡಳಿಗೆ ತೀವ್ರ ಆಘಾತವಾಗಿದೆ ಎಂದು ಶುರು. ವೈದ್ಯರು ಎಲ್ಲರ ಕಾಲು ಪರೀಕ್ಷಿಸಿದರಂತೆ, ಸಿದ್ದವ್ವನ ಕಾಲು ಉಳಿದ ನಲವತ್ತೊಂದು ಜನರದ್ದಕ್ಕಿಂತ ಚೆನ್ನಾಗಿದೆಯಂತೆ. ಯಾರಿಗೂ ಶಿಕ್ಷೆ ಇಲ್ಲ, ಅಂಕ ರದ್ದು. ಇಲ್ಲಿಯವರೆಗೆ ಓದಿ ನನ್ನ ಕಣ್ಣು ತುಂಬಿತು. ಮುಂದಿನ ಸಾಲಿನಲ್ಲಿ ನಿರ್ಣಯ: ಇನ್ನು ಮೇಲೆ ಪ್ರತಿ ವಿಶ್ರಾಂತಿ ದಿನ ಪ್ರತಿಯೊಬ್ಬ ಓಟಗಾರ್ತಿಯೂ ಹಳೆಯ ಕ್ಯಾರಿಯರ್ ಸೈಕಲ್ ಮೇಲೆ ಕಡ್ಡಾಯವಾಗಿ ಹದಿನೆಂಟು ಕಿಲೋಮೀಟರ್ ಸುಮ್ಮನೆ ಹೋಗಿ ಬರತಕ್ಕದ್ದು. ಹೋಗುವಾಗ ಎದುರುಗಾಳಿ ಇರತಕ್ಕದ್ದು. ಇಲ್ಲದಿದ್ದರೆ ಫ್ಯಾನುಗಳನ್ನು ಒದಗಿಸಲಾಗುವುದು. ಎಷ್ಟು ಸುಮ್ಮನೆ ಹೋದರು ಎಂಬುದಕ್ಕೆ ನೂರಕ್ಕೆ ಅಂಕ. ದಾರಿಯಲ್ಲಿ ಮಲಗಿದವರು ಅನರ್ಹರು. ಅಂಕ ಹಾಕಲು ಅನುಭವ ಉಳ್ಳ ನಾನೇ ಮುಖ್ಯ ಸುಮ್ಮನೆಪಂಚ.

ಆ ಕಾಗದ ಹಿಡಿದು ಒಳಗೆ ಹೋದೆ. ಮೆಹರುನ್ನಿಸಾ ಸಿದ್ದವ್ವನ ಹಾಸಿಗೆಯ ಮೇಲೆ ಕೂತು ಜೋರಾಗಿ ಬೈಯುತ್ತಿದ್ದಳು: "ಒಬ್ಬಾಕಿನ ಹೋಗ್ತಿ? ನಾಚಿಕಿ ಇಲ್ಲ? ನಾ ಏನ್ ಸತ್ತಿದ್ನೇನು ಇಲ್ಲಿ?" ಓದಿ ಹೇಳಿದೆ.

"ಹಂಗಾರ ಅವತ್ತ ನಾ ಮಲಗ್ತೀನ್ರಿ ಅಕ್ಕಾರ," ಅಂದಳು ಸಿದ್ದವ್ವ.

"ನಾನೂ," ಅಂದಳು ಮೆಹರುನ್ನಿಸಾ.

ನಾನು ಒಲ್ಲೆ ಎಂದರೆ ಬೇರೆ ಯಾರೋ ಬರುತ್ತಾರೆ. ಅವರು ಕಾಲುವೆಯ ದಂಡೆಯ ಮೇಲೆ ಅಳತೆಪಟ್ಟಿ ಹಿಡಿದು ನಿಲ್ಲುತ್ತಾರೆ. ಒಪ್ಪಿಕೊಂಡರೆ ನಾನೇ ನಿಲ್ಲಬೇಕು. ಬಹಳ ಯೋಚಿಸಿ ಒಪ್ಪಿಕೊಂಡು ಒಂದೇ ಷರತ್ತು ಹಾಕಿದ್ದೇನೆ: ಪಂಚರೂ ಸೈಕಲ್ ಮೇಲೆಯೇ ಇರತಕ್ಕದ್ದು, ಎಲ್ಲರಿಗಿಂತ ಮುಂದೆ ಹೋಗತಕ್ಕದ್ದು. ನೋಟಿಸಿನ ಭಾಷೆಯಲ್ಲಿ ಇದ್ದದ್ದರಿಂದ ಮಂಡಳಿ ಕೂಡಲೇ ಮಂಜೂರು ಮಾಡಿತು. ಮುಂದೆ ಹೋಗುವವಳಿಗೆ ಹಿಂದೆ ಯಾರು ಬರುತ್ತಿದ್ದಾರೆ, ಯಾರು ಹೊನವಾಡದ ಕಡೆ ತಿರುಗಿದರು, ಯಾರು ಬೇವಿನ ಮರದ ಕೆಳಗೆ ಮಲಗಿದರು, ಕಾಣುವುದಿಲ್ಲ ಎಂಬುದು ಅವರಿಗೆ ಇನ್ನೂ ಹೊಳೆದಿಲ್ಲ.

ಒಂದು ತೊಂದರೆ ಇದೆ, ಅದಕ್ಕೇ ಈ ಪತ್ರ. ನನಗೆ ನಲವತ್ತಾರು ವರ್ಷ, ಸೈಕಲ್ ಹೊಡೆಯಲು ಬರುವುದಿಲ್ಲ. ಮುಂದಿನ ವಿಶ್ರಾಂತಿಗೆ ಏಳು ದಿನ ಉಳಿದಿವೆ. ದಿನಾ ಸಂಜೆ ಕಲಿಸುತ್ತೇವೆ ಎಂದು ಇಬ್ಬರೂ ಹೇಳಿದ್ದಾರೆ, ಹೇಳುವಾಗ ನಗು ಬಂದೀತೆಂದು ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ. ನಿಮ್ಮ ಡೈರಿಯಲ್ಲಿ ಮಾಲೀಶಿನ ಎಣ್ಣೆಯ ವಿಷಯ ಬೇಕಾದಷ್ಟಿದೆ. ಮೊಣಕಾಲು ತರಚಿಕೊಂಡು ಬಂದವರಿಗೆ ಏನು ಹಚ್ಚುತ್ತಿದ್ದಿರಿ ಎಂದು ಎಲ್ಲೂ ಬರೆದಿಲ್ಲ. ದಯವಿಟ್ಟು ಯಾವುದಾದರೂ ಪುಟದ ಅಂಚಿನಲ್ಲಿ ಒಂದು ಸಾಲು ಬರೆದಿಡಿ. ನಾಳೆ ಬೆಳಿಗ್ಗೆ ಸಂಗ್ರಹಾಲಯ ತೆರೆದ ಕೂಡಲೇ ನೋಡುತ್ತೇನೆ.

ತಮ್ಮ ವಿಶ್ವಾಸಿ,
ಇಂದುಮತಿ ಗಲಗಲಿ