ಕಾಡು ಅಂದ್ರೆ ಮರಾನೇ ಆಗ್ಬೇಕಾ?

ಅತ್ತೆ,

ಡ್ಯೂಟಿಗೆ ಹೊರಟೆ. ಹಾಲು ಕಾಯಿಸಿಟ್ಟಿದ್ದೀನಿ, ಬೆಕ್ಕಿನ ಮೇಲೊಂದು ಕಣ್ಣಿರಲಿ.

ಲೈಬ್ರರಿಯವರು ಈ ತಿಂಗಳ ಓದಿಗೆ ‘ಕಾಡು’ ಅಂತ ವಿಷಯ ಕೊಟ್ರು. ನಾನು ಹುಲಿ, ಆನೆ, ಮರಗಳ ಪುಸ್ತಕಾನ ಭುಜ ನೋಯೋಷ್ಟು ಹೊತ್ತು ತಂದೆ. ನೀವು ಅದನ್ನೆಲ್ಲ ಪಕ್ಕಕ್ಕೆ ತಳ್ಳಿ ಈಜು ಕಲಿಸೋ ಪುಸ್ತಕ ಆರಿಸಿದ್ರಿ. ಇದ್ರಲ್ಲೆಲ್ಲಿದೆ ಕಾಡು ಅಂತ ನಾನು ಕೇಳಿದ್ರೆ, “ಚಿಕ್ಕಂದಿನಿಂದ ನನ್ನನ್ನ ಕಾಡ್ತಿರೋದು ಇದೇ ಕಣಮ್ಮ” ಅಂದ್ರಿ. ಬಿದ್ದು ಬಿದ್ದು ನಕ್ಕೆ. ಆಮೇಲೆ ಅನ್ನಿಸ್ತು, ಆ ಪದಾನ ಸರಿಯಾಗಿ ಓದಿದವರು ನೀವೊಬ್ರೇ.

ನನ್ನ ಹುಲಿ, ಆನೆಗಳನ್ನ ಸಂಜೆ ವಾಪಸ್ ಕೊಟ್ಟು ಬನ್ನಿ.

ನೀರಿಗಿಳಿಯದೆ ಈಜು ಬರಲ್ಲ. ಅದಕ್ಕೇ ಭಾನುವಾರದ ಈಜು ಕ್ಲಾಸಿಗೆ ಎರಡು ಹೆಸರು ಬರೆಸಿದ್ದೀನಿ. ಎರಡನೇದು ನನ್ನದು. ನೀರು ಕಂಡ್ರೆ ನನಗೂ ಭಯಾನೇ. ನಿಮ್ಮ ಮಗನಿಗೆ ಮಾತ್ರ ಹೇಳ್ಬೇಡಿ.