ಸುಮನಾಳ ಹೆಸರಿಲ್ಲದ ಪರಿವಿಡಿ

ತರೀಕೆರೆ
೯-೨-೨೦೨೫, ಭಾನುವಾರ

ಮನೆಯ ಯಜಮಾನರಾದ ಪಂಚಾಕ್ಷರಪ್ಪನವರಿಗೆ,

ನಿಮ್ಮ ಹೆಂಡತಿ ಮಲ್ಲಿಕಾಂಬ ಮಾಡುವ ನಮಸ್ಕಾರಗಳು. ‘ಪ್ರೀತಿಯ’ ಎಂದು ಬರೆಯಲು ಇವತ್ತು ಕೈ ಬರಲಿಲ್ಲ, ಬಿಟ್ಟಿದ್ದೇನೆ. ಶಿವನಿಯಲ್ಲಿ ತಮ್ಮನ ಮನೆಯಲ್ಲಿ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಮಂಡಿನೋವು ಹೇಗಿದೆ? ವಾರಗಿತ್ತಿ ಯಶೋದಾ ಮಾಡುವ ಅವರೆಕಾಳು ಸಾರು ರುಚಿಯೆಂದು ಮೇಲಿಂದ ಮೇಲೆ ಬಡಿಸಿಕೊಂಡು ಹೊಟ್ಟೆ ಕೆಡಿಸಿಕೊಳ್ಳಬೇಡಿ. ನಾನು ಚೆನ್ನಾಗಿದ್ದೇನೆ. ಬಿ.ಪಿ. ಮಾತ್ರ ಏರಿದೆ, ಅದಕ್ಕೆ ಕಾರಣ ನೀವೇ. ಫೋನ್ ಮಾಡಬಹುದಿತ್ತು. ಆದರೆ ನನ್ನ ದನಿ ಏರಿದ ಕೂಡಲೇ ನೀವು ‘ಇಲ್ಲಿ ಸಿಗ್ನಲ್ ಇಲ್ಲ ಕಣೇ’ ಎಂದು ಇಟ್ಟುಬಿಡುತ್ತೀರಿ. ಕಾಗದದ ಹತ್ತಿರ ಆ ಆಟ ನಡೆಯುವುದಿಲ್ಲ. ನಿಮ್ಮ ತಮ್ಮನ ಮಗ ವಿಶ್ವನಾಥ್ ಇವತ್ತು ಅಲ್ಲಿಗೆ ಬರುತ್ತಿದ್ದಾನೆ, ಅವನ ಕೈಯಲ್ಲೇ ಕೊಡುತ್ತಿದ್ದೇನೆ.

ನೀವು ಹಳೆಯ ಫೋಟೊ ಹುಡುಕಿ ತರುತ್ತೇನೆಂದು ಹೋದಿರಿ. ನಾನು ಇಲ್ಲಿ, ಮಠದಲ್ಲಿ ಬಿಡುಗಡೆಯಾಗಲಿರುವ ನಮ್ಮ ಮನೆತನದ ಪುಸ್ತಕವನ್ನು ಪ್ರೆಸ್ಸಿಗೆ ಸಿದ್ಧ ಮಾಡುತ್ತ ಕೂತೆ. ಬರೆದವರು ನೀವು, ಕಂಪ್ಯೂಟರಿನಲ್ಲಿ ಟೈಪ್ ಮಾಡಿದವಳು ನಾನು. ಪರಿವಿಡಿಯನ್ನು ಮಾತ್ರ ‘ನಾನೇ ಮಾಡ್ತೀನಿ’ ಎಂದು ಹಟ ಹಿಡಿದಿರಿ. ಮದುವೆ ಪತ್ರಿಕೆ ಎಂದುಕೊಂಡಿರೋ ಏನೋ, ಪುಟದ ಕ್ರಮ ಬಿಟ್ಟು ವಯಸ್ಸಿನ ಕ್ರಮದಲ್ಲಿ ಹೆಸರು ಹಾಕಿದಿರಿ. ನಿಮ್ಮ ದೊಡ್ಡಪ್ಪನವರ ಹೆಸರು ಎಲ್ಲರಿಗಿಂತ ಮೇಲೆ, ಅವರ ಅಧ್ಯಾಯ ಪುಸ್ತಕದ ನಡುವೆ ಎಲ್ಲೋ. ಕೇಳಿದರೆ ‘ಹಿರೇರ ಹೆಸ್ರು ಕೆಳಗೆ ಬಂದ್ರೆ ಮಠದಲ್ಲಿ ಹೆಂಗೆ ತಲೆ ಎತ್ಲಿ’ ಅಂದಿರಿ. ಹೆಸರಿನಿಂದ ಪುಟಸಂಖ್ಯೆಯವರೆಗೆ ಚುಕ್ಕಿ ಒತ್ತಿ ಒತ್ತಿ ತುಂಬಿಸಿದಿರಿ. ಒಂದು ಫೋಟೊ ಸೇರಿಸಿದರೆ ಸಾಕು, ನಂಬರೆಲ್ಲ ತಪ್ಪು, ಚುಕ್ಕಿಗಳೆಲ್ಲ ಚೆಲ್ಲಾಪಿಲ್ಲಿ. ಕೊನೆಗೆ ನನ್ನ ಅಕ್ಕನ ಮಗಳು ದೀಪಶ್ರೀ ಬಂದು ಹೇಳಿಕೊಟ್ಟಳು. ಪ್ರತಿ ಅಧ್ಯಾಯದ ಹೆಸರಿಗೂ ‘ಹೆಡಿಂಗ್’ ಎಂದು ಗುರುತು ಕೊಟ್ಟರೆ ಕಂಪ್ಯೂಟರ್ ತಾನೇ ಪರಿವಿಡಿ ಕಟ್ಟಿಕೊಡುತ್ತದೆ. ‘ನಾರ್ಮಲ್’ ಎಂದು ಕೊಟ್ಟರೆ ಅದು ಮಾಮೂಲಿ ಸಾಲು, ಪರಿವಿಡಿಗೆ ಬರುವುದಿಲ್ಲ. ನಾನು ಕಲಿತೆ, ಅಧ್ಯಾಯಗಳನ್ನೇ ವಯಸ್ಸಿನ ಕ್ರಮಕ್ಕೆ ಜೋಡಿಸಿ ನಿಮ್ಮ ಮಾನ ಉಳಿಸಿದೆ, ಪಕ್ಕದಲ್ಲಿ ಕೂರಿಸಿಕೊಂಡು ನಿಮಗೂ ಕಲಿಸಿದೆ. ಕಲಿಸಿದ್ದೇ ತಪ್ಪಾಯಿತು.

ನಿನ್ನೆ ಇನ್ನೊಂದು ಫೋಟೊ ಹಾಕಿ, ಪುಟಸಂಖ್ಯೆ ಸರಿಯಾಗಲೆಂದು ಅಪ್‌ಡೇಟ್ ಒತ್ತಿದೆ. ಆಮೇಲೆ ಓದುತ್ತ ಬಂದರೆ ಪರಿವಿಡಿಯಲ್ಲಿ ಎಲ್ಲರೂ ಇದ್ದಾರೆ. ನಿಮ್ಮ ತಾಯಿ ಹೋದಾಗ ಮಣ್ಣಿಗೂ ಬಾರದ ಆ ನಿಮ್ಮ ದೊಡ್ಡಪ್ಪನ ಮಗನೂ ಇದ್ದಾನೆ. ನಮ್ಮ ಮಗಳು ಸುಮನಾ ಇಲ್ಲ. ನನ್ನದೇ ಕೈತಪ್ಪಿರಬೇಕೆಂದು ಒಳಗೆ ಹುಡುಕಿದೆ. ಅವಳ ಪುಟ ಹಾಗೇ ಇದೆ. ಹೆಸರು ದಪ್ಪಕ್ಷರದಲ್ಲಿ, ಸಾಲಿನ ನಡುವೆ, ಉಳಿದವರ ಹೆಸರಿನ ಅಳತೆಯಲ್ಲೇ ಇದೆ. ಅದರ ಮೇಲೆ ಕ್ಲಿಕ್ ಮಾಡಿದರೆ ‘ನಾರ್ಮಲ್’ ಎಂದು ತೋರಿಸುತ್ತದೆ. ಗುರುತು ತೆಗೆದು, ತೆಗೆದದ್ದು ನನಗೆ ಗೊತ್ತಾಗದಿರಲೆಂದು ಅಕ್ಷರವನ್ನು ಕೈಯಲ್ಲೇ ದಪ್ಪ ಮಾಡಿ ಇಟ್ಟಿದ್ದೀರಿ. ಇದು ಕೈತಪ್ಪಿ ಆಗುವ ಕೆಲಸವೇ?

ಅವಳು ಬೇರೆ ಜಾತಿಯ ತಿಮ್ಮೇಶನನ್ನು ಮೆಚ್ಚಿ ಮದುವೆಯಾಗಿ ಕಡೂರು ಸೇರಿದಳು, ಅಷ್ಟೇ ಅವಳು ಮಾಡಿದ್ದು. ಅಳಿಯ ಮೋಟಾರ್ ರಿಪೇರಿ ಅಂಗಡಿ ಇಟ್ಟುಕೊಂಡು ಮರ್ಯಾದೆಯಿಂದ ದುಡಿಯುತ್ತಿದ್ದಾನೆ. ನಮ್ಮ ಬೋರಿನ ಮೋಟಾರ್ ಸುಟ್ಟಾಗ ಕರೆಯದೆ ಬಂದು ಸರಿ ಮಾಡಿ ಹೋದ. ಅವತ್ತು ನಿಮಗೆ ಜಾತಿ ಕಾಣಲಿಲ್ಲ. ಪುಸ್ತಕ ಶುರು ಮಾಡಿದಾಗ ‘ಅವಳ್ದೂ ಒಂದು ಪುಟ ಇರ್ಲಿ ಬಿಡೇ, ನನ್ ಮಗಳಲ್ವಾ’ ಎಂದವರು ನೀವೇ. ನಾನು ಹುಚ್ಚಿ, ನಂಬಿ ಅವತ್ತು ಹೋಳಿಗೆ ಮಾಡಿ ಹಾಕಿದೆ. ಪುಟ ಕಿತ್ತುಹಾಕುವಷ್ಟು ಕಲ್ಲೆದೆ ನಿಮಗಿಲ್ಲ, ನಾಲ್ಕು ಜನರೆದುರು ಮಗಳ ಹೆಸರು ತೋರಿಸುವಷ್ಟು ಧೈರ್ಯವೂ ಇಲ್ಲ. ಮಠದಲ್ಲಿ ಪುಸ್ತಕ ಕೈಗೆ ಬಂದ ಕೂಡಲೇ ನೆಂಟರೆಲ್ಲ ಪರಿವಿಡಿಯ ಮೇಲೆ ಬೆರಳಿಟ್ಟು ತಂತಮ್ಮ ಹೆಸರು ಹುಡುಕುತ್ತಾರೆ, ಒಳಗಿನದನ್ನು ಯಾರೂ ಓದುವುದಿಲ್ಲ. ಅದು ಗೊತ್ತಿದ್ದೇ ಈ ಉಪಾಯ ಮಾಡಿದ್ದೀರಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾವಿನ್ನೂ ಹಳ್ಳಿಯಲ್ಲಿದ್ದಾಗ, ಅವಳಿಗೆ ಚಿಕ್ಕಂದಿನಲ್ಲಿ ಜ್ವರ ನೆತ್ತಿಗೇರಿದಾಗ ಬಸ್ಸಿಗೂ ಕಾಯದೆ ಹೆಗಲ ಮೇಲೆ ಹೊತ್ತು ಲಿಂಗದಹಳ್ಳಿಯ ಡಾಕ್ಟರ ಹತ್ತಿರ ಓಡಿದವರು ನೀವು. ಅಂಥವರಿಗೆ ಈಗ ಅವಳ ಹೆಸರಿನ ಒಂದು ಸಾಲು ಭಾರವಾಯಿತೇ? ನನಗಂತೂ ನಾಚಿಕೆಯಾಯಿತು.

ಸಿಟ್ಟಿನಲ್ಲಿ ಬರೆದಿದ್ದಾಳೆ ಎಂದು ತಳ್ಳಿಹಾಕಬೇಡಿ, ತಣ್ಣಗಾದ ಮೇಲೂ ಇದನ್ನೇ ಬರೆಯುತ್ತಿದ್ದೆ. ಮೈದುನ ರುದ್ರಮೂರ್ತಿಗೂ ಯಶೋದಾಗೂ ನನ್ನ ಆಶೀರ್ವಾದ ಹೇಳಿ. ಈ ಕಾಗದವನ್ನು ಅವರ ಮುಂದೆ ಓದಬೇಡಿ, ನಿಮ್ಮ ಮಾನ ನನ್ನದೂ ಹೌದು. ಬೆಳಗಿನ ಚಳಿ ಇನ್ನೂ ಹೋಗಿಲ್ಲ, ಮಫ್ಲರ್ ಸುತ್ತಿಕೊಂಡು ಹೊರಡಿ.

ಇಂತಿ,
ಮಲ್ಲಿಕಾಂಬ

ತಾ.ಕ.: ವಿಶ್ವನಾಥ್ ಹೊರಗೆ ಗಾಡಿ ಹಾರ್ನ್ ಹೊಡೆಯುತ್ತಿದ್ದಾನೆ. ಹೇಳಲೇಬೇಕಾದದ್ದು ಇದು. ನಿನ್ನೆ ಅಪ್‌ಡೇಟ್ ಒತ್ತಿದವಳೇ, ಓದಿ ನೋಡುವ ಮೊದಲೇ, ಸುಮನಾ ಖುಷಿಪಡಲಿ ಎಂದು ಫೈಲನ್ನು ಅವಳ ಫೋನಿಗೆ ಕಳಿಸಿಬಿಟ್ಟಿದ್ದೆ. ಅವಳೂ ನಮ್ಮ ಮನೆಯವಳೇ ತಾನೇ, ಮೊದಲು ಪರಿವಿಡಿಯನ್ನೇ ನೋಡಿದ್ದಾಳೆ. ಬೆಳಗ್ಗೆ ಫೋನ್ ಮಾಡಿದಳು. ಹೆಸರಿನ ಮಾತೇ ಎತ್ತಲಿಲ್ಲ. ‘ಪರಿವಿಡಿ ಅಕ್ಷರ ತೀರಾ ಸಣ್ಣದಾಯ್ತು ಕಣಮ್ಮ, ಅಪ್ಪಂಗೆ ಕಾಣ್ಸಲ್ಲ, ಒಂಚೂರು ದೊಡ್ಡದು ಮಾಡು’ ಅಂದಳು. ದೊಡ್ಡದು ಮಾಡಿದ್ದೇನೆ. ಅವಳ ಹೆಸರನ್ನು ಮಾತ್ರ ನಾನು ಸೇರಿಸುವುದಿಲ್ಲ. ತೆಗೆದವರೇ ಬಂದು ಹಾಕಬೇಕು. ಅಲ್ಲಿಯವರೆಗೆ ಪುಸ್ತಕ ಪ್ರೆಸ್ಸಿಗೆ ಹೋಗುವುದಿಲ್ಲ.