ಕಳ್ಳ ಬರುವ ಮುಂಚೆ ಅಗುಳಿ

ಮನೆಯಿಂದ,
ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ನೀನು ಬದುಕಿಲ್ಲವೆಂದು ನಂಬಿ ಇಷ್ಟು ವರ್ಷ ಕಳೆದವಳಿಗೆ ನಿನ್ನ ಆರೋಗ್ಯ ವಿಚಾರಿಸಲು ಕೈ ಬರುತ್ತಿಲ್ಲ. ಮಂಡಿನೋವು ಬಿಟ್ಟರೆ ಅಮ್ಮ ಗಟ್ಟಿಯಾಗಿದ್ದಾಳೆ. ಅಪ್ಪ ಹೋಗಿ ಬಹಳ ಕಾಲವಾಯಿತು. ಅದನ್ನು ಹೀಗೆ ಒಂದೇ ಸಾಲಿನಲ್ಲಿ ಹೇಳುತ್ತಿದ್ದೇನೆ, ಕ್ಷಮಿಸು.

ನಾನು ಈಗಲೂ ಚೆಸ್ ಆಡುತ್ತೇನೆ. ನಿನ್ನೆ ಮಹಿಳೆಯರ ಪಂದ್ಯಾವಳಿಯ ಕೊನೆಯ ಸುತ್ತು, ಗೆದ್ದವರಿಗೆ ಕಪ್. ಎದುರಿಗೆ ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ನಾನಿನ್ನೂ ಒಂದು ಕಾಯಿಯನ್ನೂ ಅವಳ ಕಡೆ ಕಳಿಸಿರಲಿಲ್ಲ. ಅವಳು ರಾಜನ ಕಡೆಯ ಅಂಚಿನ ಕಾಲಾಳನ್ನು ಒಂದು ಮನೆ ಮುಂದೂಡಿ, ಥೇಟ್ ನಿನ್ನ ಹಾಗೆಯೇ ಅದರ ತಲೆಯನ್ನು ಹೆಬ್ಬೆರಳಿನಿಂದ ಒತ್ತಿದಳು. ಅಪ್ಪ ನಿನ್ನನ್ನು ಬೈಯುತ್ತಿದ್ದದ್ದು ನನ್ನ ಕಿವಿಯಲ್ಲೇ ಕೇಳಿಸಿತು: “ಕಳ್ಳ ಬರೋಕ್ಕೆ ಮುಂಚೇನೇ ಅಗುಳಿ ಹಾಕ್ತೀಯಲ್ಲೇ, ಒಂದು ನಡೆ ದಂಡ.” ಸಾವಿರ ಜನ ಆಡುವ ನಡೆ ಅದು ಎಂದು ಸಮಾಧಾನ ಮಾಡಿಕೊಂಡೆ. ಆದರೂ ತಲೆ ಎತ್ತಿದರೆ ಎದುರು ನೀನು ಕೂತಿರುತ್ತೀಯೇನೋ ಎಂಬ ಭಯಕ್ಕೆ ಬೋರ್ಡನ್ನೇ ನೋಡುತ್ತ ಕೂತೆ. ಗೆಲ್ಲುವ ಆಟ ಕೈಯಲ್ಲಿದ್ದೂ ಗಡಿಯಾರದಲ್ಲಿ ನನ್ನ ಸಮಯ ಮುಗಿದುಹೋಯಿತು.

“ಏನ್ ಆಂಟಿ, ಕಪ್ ಕೊಡೋಕೇ ಬಂದೋರ ಥರ ಕೂತ್ಬಿಟ್ರಿ,” ಎಂದಳು. ಆ ನಡೆ ಎಲ್ಲಿ ಕಲಿತೆ ಎಂದೆ. “ನಮ್ ಟೀಚರ್ದು. ಮೊದ್ಲು ಅಗುಳಿ ಹಾಕು, ಆಮೇಲೆ ಜಗಳಕ್ಕೆ ಹೋಗು ಅಂತಾರೆ.” ಆ ಮಾತು ನಮ್ಮ ಮನೆಯ ಹೊರಗೆ ಯಾರಿಗೆ ಗೊತ್ತಿತ್ತು? ಟೀಚರ್ ಎಡಗೈಯಲ್ಲಿ ಆಡುತ್ತಾರಾ ಎಂದೆ. “ನಿಮಗೆ ಹೇಗೆ ಗೊತ್ತು?” ಎಂದಳು. ನಾನು ನಿನ್ನ ವಿಳಾಸ ಕೇಳಲಿಲ್ಲ. ಬಿಟ್ಟುಹೋದವಳನ್ನು ಹುಡುಕಿಕೊಂಡು ಹೋಗಿ ನಿಲ್ಲುವ ಹಕ್ಕು ನನಗಿದೆಯೋ ಇಲ್ಲವೋ, ಇನ್ನೂ ತಿಳಿಯುತ್ತಿಲ್ಲ. ಈ ಕಾಗದ ಆ ಹುಡುಗಿಯ ಕೈಯಲ್ಲೇ ಕಳಿಸುತ್ತಿದ್ದೇನೆ.

ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಎಲ್ಲಿದ್ದರೂ ಚೆನ್ನಾಗಿರು.

ನಿನ್ನ ತಂಗಿ

ಅವಸರದಲ್ಲಿ ಇನ್ನೊಂದು: ಬರುವುದಾದರೆ ನೇರವಾಗಿ ಮನೆಗೆ ಬರಬೇಡ, ಮೊದಲು ನನಗೆ ತಿಳಿಸು. ನೀನು ಮನೆ ಬಿಟ್ಟ ವರ್ಷವೇ ಹೊಳೆಯಲ್ಲಿ ಒಂದು ಹೆಣ ಸಿಕ್ಕಿತ್ತು. ಮುಖ ಗುರುತು ಸಿಗುವಂತಿರಲಿಲ್ಲ. ಬಟ್ಟೆ ನೋಡಿ ಅಪ್ಪ ನೀನೇ ಎಂದರು. ಸಮಾಧಿಯ ಕಲ್ಲಿನ ಮೇಲೆ ನಿನ್ನ ಹೆಸರಿದೆ; ಅಮ್ಮ ಇಂದಿಗೂ ಹೋಗಿ ಅದರ ಧೂಳು ಒರೆಸಿ ಬರುತ್ತಾಳೆ. ಅವಳಿಗೆ ಹೇಗೆ ಹೇಳಲಿ? ನಿನ್ನೆಯಿಂದ ನನಗೆ ನಿನಗಿಂತ ಹೆಚ್ಚಾಗಿ ಆ ಕಲ್ಲಿನ ಕೆಳಗೆ ಮಲಗಿರುವವಳದೇ ಯೋಚನೆ. ಅವಳಿಗೂ ಒಬ್ಬ ತಂಗಿ ಇದ್ದಿರಬಹುದು, ಅಕ್ಕಾ. ಇನ್ನೂ ಕಾಯುತ್ತಿರಬಹುದು.